ಅದ್ರಾಮಾಕನ ಕೆನ್ನೆಯಿಂದ ತೆಗೆದ ಮೂರು ಮಾದರಿ

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಒಮ್ಮೊಮ್ಮೆ ಫೋನ್ ಮಾಡುತ್ತಾರೆ. ಸ್ಲೈಡಿಗೆ ಬಣ್ಣ ಸರಿಯಾಗಿ ಹಿಡಿಯುತ್ತಿಲ್ಲ, ಬ್ರಷ್ಷನ್ನು ಎಷ್ಟು ಒತ್ತಬೇಕು, ಮುಕ್ಕಳಿಸಿದ ನೀರನ್ನು ಎಷ್ಟು ಹೊತ್ತು ಇಡಬಹುದು ಎಂದೆಲ್ಲ ಕೇಳುತ್ತಾರೆ. ಗೊತ್ತಿರುವುದನ್ನು ಹೇಳುತ್ತೇನೆ. "ನಿಮಗೆ ಹೆದರಿಕೆ ಆಗ್ತಿರಲಿಲ್ಲವಾ ಜುಬೈದಕ್ಕ?" ಎಂದು ಮಾತ್ರ ಯಾರೂ ಕೇಳಿಲ್ಲ. ನಿಜವಾಗಿ ಕೇಳಬೇಕಾದದ್ದು ಅದನ್ನೇ. ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಹತ್ತಿದ ಹೆದರಿಕೆ, ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳುವಾಗಲೂ ಬಿಟ್ಟಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ತಲೆ ಬಗ್ಗಿಸಿಕೊಂಡು, ಹಿಂದಿನ ದಿನ ನೋಡಿದ ಕೊನೆಯ ಸ್ಲೈಡಿನ ಬಲಬದಿಯ ಮೂಲೆಯನ್ನು ಸರಿಯಾಗಿ ನೋಡಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ನಾನು ತೋಡಾರಿನವಳು. ಅಲ್ಲಿಂದ ಬಸ್ಸು ಹಿಡಿದು ಒಂದು ದಂತ ಕಾಲೇಜಿನ ಲ್ಯಾಬಿಗೆ ವರ್ಷಗಟ್ಟಲೆ ಹೋಗಿ ಬಂದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಯಾವಾಗ ಟೆಕ್ನೀಷಿಯನ್ ಆದೆ, ಯಾವಾಗ ಸೀನಿಯರ್ ಟೆಕ್ನೀಷಿಯನ್ ಆದೆ ಎಂಬುದೂ ಬೇಡ. ಅದರಿಂದ ಯಾರ ಬಾಯಿಯೂ ವಾಸಿಯಾಗಲಿಲ್ಲ. ನನ್ನ ಕೆಲಸ ಇಷ್ಟೇ: ಎಲೆಅಡಿಕೆ, ಹೊಗೆಸೊಪ್ಪು, ಬೀಡಿ, ಗುಟ್ಕಾದ ಚಟವಿರುವವರ ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಅಲ್ಲಿಂದ ಒಂದಷ್ಟು ಜೀವಕೋಶಗಳನ್ನು ತೆಗೆಯುವುದು, ಗಾಜಿನ ಮೇಲೆ ಹರಡುವುದು, ಬಣ್ಣ ಹಾಕುವುದು, ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರಿನ ಅನುಮಾನ ಬಂದ ಜಾಗಕ್ಕೆ ಗುರುತು ಮಾಡಿ ಡಾಕ್ಟರ ಮುಂದೆ ಇಡುವುದು. ಸಹಿ ಅವರದ್ದು. ಆದರೆ ನನ್ನ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೂ ಬೀಳದೆ ಹೋಗಬಹುದು. ಹೆದರಿಕೆ ಇದ್ದದ್ದು ಅಲ್ಲಿ.

ಮೊದಲು ನಮ್ಮ ಕೈಯಲ್ಲಿದ್ದದ್ದು ಮರದ ಕಡ್ಡಿ, ಐಸ್‌ಕ್ಯಾಂಡಿ ಕಡ್ಡಿಯ ಹಾಗಿನದ್ದು. ಅದರ ಅಂಚಿನಿಂದ ಮಚ್ಚೆಯನ್ನು ಕೆರೆದು, ಬಂದದ್ದನ್ನು ಗಾಜಿಗೆ ಸವರಿ, ಒಣಗುವ ಮೊದಲು ಸ್ಪಿರಿಟಿನಲ್ಲಿ ಮುಳುಗಿಸಬೇಕು. ಒಣಗಿದರೆ ಕೋಶಗಳೆಲ್ಲ ಊದಿಕೊಂಡು ಒಳ್ಳೆಯದೂ ಕೆಟ್ಟದೂ ಒಂದೇ ತರ ಕಾಣುತ್ತದೆ. ಚಾರ್ಮಾಡಿಯ ಶಾಲೆಯೊಂದರಲ್ಲಿ ಕ್ಯಾಂಪ್ ಮಾಡಿ ಹಿಂದಿರುಗುವಾಗ ನಾನು ಸ್ಲೈಡಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಸ್ಪಿರಿಟ್ ಜಾಡಿಯನ್ನು ಎರಡು ಪಾದಗಳ ನಡುವೆ ಒತ್ತಿಹಿಡಿದು ಕೂರುತ್ತಿದ್ದೆ. ಜೀಪು ಗುಂಡಿಗೆ ಇಳಿದಾಗಲೆಲ್ಲ ಜೀವ ಬಾಯಿಗೆ ಬಂದ ಹಾಗೆ ಆಗುತ್ತಿತ್ತು. ಡ್ರೈವರ್ ವಾಸು ಕನ್ನಡಿಯಲ್ಲಿ ನನ್ನ ಮುಖ ನೋಡಿ ನಗುತ್ತಿದ್ದ. "ಎಂತ ಜುಬೈದಕ್ಕ, ಹಸುಗೂಸನ್ನು ಹಿಡಿದ ಹಾಗೆ ಹಿಡ್ಕೊಂಡಿದ್ದೀರಿ" ಎನ್ನುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಗಾಜು ಒಡೆದರೆ, ರಬ್ಬರ್ ತೋಟದ ಕೆಲಸ ಬಿಟ್ಟು ಅಷ್ಟು ದೂರ ನಡೆದು ಬಂದವರನ್ನು ಇನ್ನೊಮ್ಮೆ ಕರೆಯುವವರು ಯಾರು? ಕರೆದರೆ ಬರುವವರು ಯಾರು?

ನಮ್ಮ ಮುಖ್ಯಸ್ಥೆ ಶ್ಯಾಮಲಾ ಡಾಕ್ಟರ್. ಅವರ ಸಿಟ್ಟಿಗೆ ಹೆದರದವರು ಇಡೀ ವಿಭಾಗದಲ್ಲಿ ಇರಲಿಲ್ಲ. ಸ್ಲೈಡಿನಲ್ಲಿ ಕೋಶಗಳು ತೀರ ಕಡಿಮೆ ಇದ್ದು, ಅವೆಲ್ಲ ಸರಿಯಾಗಿ ಕಂಡವು ಎಂದುಕೊಳ್ಳಿ. ನಾವು 'ನಾರ್ಮಲ್' ಎಂದು ಬರೆದು ಕಳುಹಿಸಿದರೆ ಬೈಗುಳ ಖಂಡಿತ. "ಕಾಣಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥವಾ? ಅಂಗಡಿ ಬಾಗಿಲು ತೆಗೆಯದೆ ಒಳಗೆ ಸಾಮಾನಿಲ್ಲ ಅಂತ ಹೇಳ್ತೀರಾ ನೀವು?" ಎಂದು ಕೇಳುತ್ತಿದ್ದರು. ಅಂಥದ್ದಕ್ಕೆ 'ಮಾದರಿ ಸಾಲದು' ಎಂದೇ ಬರೆಯಬೇಕು ಎಂಬುದು ಅವರ ಕಟ್ಟಪ್ಪಣೆ. ಹಾಗೆ ಬರೆದರೆ ರೋಗಿಯನ್ನು ಮತ್ತೆ ಕರೆಸಬೇಕು, ಮತ್ತೆ ಕೆರೆಯಬೇಕು. ನಮಗೆ ದುಪ್ಪಟ್ಟು ಕೆಲಸ. ಬೈದುಕೊಂಡೇ ಮಾಡಿದೆವು. ಈಗ ಯೋಚಿಸಿದರೆ ಆ ಬೈಗುಳದಿಂದ ಎಷ್ಟು ಮಂದಿಯ ಕೆನ್ನೆ ಉಳಿಯಿತೋ.

ಆಮೇಲೆ ಬ್ರಷ್ ಬಂತು. ಬಾಟಲಿ ತೊಳೆಯುವ ಬ್ರಷ್ಷನ್ನು ಬೆರಳಿನ ತುದಿಯಷ್ಟು ಸಣ್ಣದು ಮಾಡಿದರೆ ಹೇಗೋ ಹಾಗೆ. ಮಚ್ಚೆಯ ಮೇಲಿಟ್ಟು ಒತ್ತಿ ತಿರುಗಿಸಿದರೆ ಚರ್ಮದ ಮೇಲ್ಪದರ ಮಾತ್ರವಲ್ಲ, ಒಳಗಿನ ಪದರದ ಕೋಶಗಳೂ ಬರುತ್ತವೆ. ರಕ್ತದ ಸಣ್ಣ ಚುಕ್ಕೆ ಕಂಡರೆ ಆಳಕ್ಕೆ ಮುಟ್ಟಿತು ಎಂದರ್ಥ. ಕೇಡು ಶುರುವಾಗುವುದು ಒಳಗಿನ ಪದರದಲ್ಲಿ ಎಂದು ಪುಸ್ತಕದಲ್ಲಿ ಓದಿದ್ದ ನಮಗೆ ಬ್ರಷ್ ದೊಡ್ಡ ಸಂಭ್ರಮವೇ ಆಯಿತು. ಅದರ ಬೆನ್ನಿಗೇ ಮೂರನೆಯದೂ ಬಂತು: ಉಪ್ಪುನೀರನ್ನು ಬಾಯಿಗೆ ಹಾಕಿ ಚೆನ್ನಾಗಿ ಮುಕ್ಕಳಿಸಿ ಡಬ್ಬಿಗೆ ಉಗುಳುವುದು. ನೀರನ್ನು ಯಂತ್ರದಲ್ಲಿ ತಿರುಗಿಸಿದರೆ ಕೋಶಗಳು ಅಡಿಯಲ್ಲಿ ಕೂರುತ್ತವೆ. ನೋವಿಲ್ಲ, ಕೆರೆಯುವುದೂ ಇಲ್ಲ, ಯಾರೂ ಹೆದರುವುದಿಲ್ಲ. ಈ ಮೂರರಲ್ಲಿ ಯಾವುದನ್ನು ನಂಬಬಹುದು, ನಮ್ಮ ಊರಿನ ಕ್ಯಾಂಪುಗಳಿಗೆ ಯಾವುದು ಒಗ್ಗುತ್ತದೆ ಎಂದು ಹೋಲಿಸಿ ನೋಡುವ ಕೆಲಸಕ್ಕೆ ಶ್ಯಾಮಲಾ ಡಾಕ್ಟರ್ ಕೈ ಹಾಕಿದರು. ಒಬ್ಬೊಬ್ಬರ ಮಚ್ಚೆಯಿಂದಲೂ ಮೂರು ವಿಧದಲ್ಲಿ ಮಾದರಿ ತೆಗೆಯಬೇಕು. ಯಾವುದು ಯಾರದ್ದು ಎಂದು ಗೊತ್ತಾಗದ ಹಾಗೆ ಬೇರೆ ಬೇರೆಯಾಗಿ ನೋಡಬೇಕು. ಮೂರರಲ್ಲಿ ಯಾವುದು ಏನೇ ಹೇಳಿದರೂ ಅದು ಬರೀ ಅನುಮಾನ. ಕೊನೆಯ ಮಾತು ಬಯಾಪ್ಸಿಯದ್ದು, ಅಂದರೆ ಮಚ್ಚೆಯ ಒಂದು ಚೂರನ್ನು ಕತ್ತರಿಸಿ ತೆಗೆದು ನೋಡುವುದು.

ಹೋಲಿಸುವುದು ಎಂದರೆ ಸುಲಭವೆಂದು ನಾವು ತಿಳಿದಿದ್ದೆವು. ಮೊದಲ ಕೆಲವು ಕ್ಯಾಂಪುಗಳಲ್ಲಿ ಕಡ್ಡಿ ಮೊದಲು, ಬ್ರಷ್ ಆಮೇಲೆ. ಬ್ರಷ್ ಗೆಲ್ಲುತ್ತಲೇ ಹೋಯಿತು. ಒಂದು ದಿನ ಊಟದ ಡಬ್ಬಿ ಮುಚ್ಚುತ್ತಿದ್ದ ಶ್ಯಾಮಲಾ ಡಾಕ್ಟರ್ ತಟ್ಟನೆ ನಿಂತರು. "ಕಡ್ಡಿ ಮೊದಲು ಹೋಗಿ ಮೇಲಿನದ್ದನ್ನೆಲ್ಲ ಕೆರೆದು ದಾರಿ ಮಾಡಿಕೊಡ್ತದೆ. ಹಿಂದಿನಿಂದ ಬ್ರಷ್ ಹೋಗಿ ಒಳಗಿನದ್ದನ್ನು ತರ್ತದೆ. ಇದು ಯಾವ ನ್ಯಾಯ?" ಎಂದರು. ಆ ದಿನದಿಂದ ಸರದಿ ಬದಲಿಸುತ್ತ ಹೋದೆವು, ಒಬ್ಬರಿಗೆ ಕಡ್ಡಿ ಮೊದಲು, ಇನ್ನೊಬ್ಬರಿಗೆ ಬ್ರಷ್ ಮೊದಲು, ಮತ್ತೊಬ್ಬರಿಗೆ ನೀರು ಮೊದಲು. ಅಷ್ಟು ದಿನ ತೆಗೆದದ್ದೆಲ್ಲ ಲೆಕ್ಕಕ್ಕೆ ಇಲ್ಲ ಎಂದಾಯಿತು. ನನಗೆ ಅಳುವೇ ಬಂದಿತ್ತು.

ಅಳದಂಗಡಿಯ ಕ್ಯಾಂಪಿನಲ್ಲಿ ಆದದ್ದನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ನೀರಿನ ಸರದಿ ಮೊದಲು ಬಂದ ಕೆಲವು ಹಿರಿಯ ಹೆಂಗಸರ ಡಬ್ಬಿಗಳು ಖಾಲಿ ಬಂದವು. ಮೊದಲಿಗೆ ನಮಗೆ ತಲೆಬುಡ ತಿಳಿಯಲಿಲ್ಲ. ಗದ್ದೆ ಕೆಲಸದ ಗಿರಿಜಕ್ಕ ಎಂಬವರಿಗೆ ನೀರು ಕೊಟ್ಟು ನಾನು ಎದುರಿಗೇ ನಿಂತೆ. ಚೆನ್ನಾಗಿ ಮುಕ್ಕಳಿಸಿದರು. ಡಾಕ್ಟರ ಕಡೆ ನೋಡಿದರು. ಗುಳಕ್ ಎಂದು ನುಂಗಿಬಿಟ್ಟರು.

"ಅಯ್ಯೋ, ನುಂಗಿದಿರಾ? ಉಗುಳಬೇಕಿತ್ತು" ಎಂದೆ.

"ಡಾಕ್ಟ್ರ ಎದುರಿಗೆ ಉಗುಳುವುದಾ?" ಎಂದು ಅವರು ಗಾಬರಿಯಿಂದ ಸೆರಗು ಬಾಯಿಗೆ ಒತ್ತಿಕೊಂಡರು. "ಎಂತ ಮಾತು ಹೇಳ್ತೀರಿ ನೀವು!"

ಮರ್ಯಾದೆಗೆ ನುಂಗಿದವರು ಅವರೊಬ್ಬರೇ ಅಲ್ಲ. ಆಮೇಲೆ ಶಾಲೆಯ ಹಿಂದೆ ಸೀರೆ ಅಡ್ಡ ಕಟ್ಟಿ, ಡಬ್ಬಿ ಕೊಟ್ಟು, ಒಬ್ಬೊಬ್ಬರನ್ನೇ ಆ ಮರೆಗೆ ಕಳುಹಿಸಿದೆವು. ಡಾಕ್ಟರು ಬೇರೆ ಕಡೆ ಮುಖ ಮಾಡಿ ಕುಳಿತರು. ಸಂಶೋಧನೆಯ ಪುಸ್ತಕಗಳಲ್ಲಿ ಇಂಥದ್ದನ್ನು ಯಾರೂ ಬರೆಯುವುದಿಲ್ಲ ನೋಡಿ.

ಇವೆಲ್ಲ ನಗುವ ಕಥೆಗಳು. ಅದ್ರಾಮಾಕನದ್ದು ಹಾಗಲ್ಲ.

ಬಂಟ್ವಾಳದಲ್ಲಿ ಮದರಸದ ಹಾಲ್ ಕೇಳಿ ಪಡೆದು ಅಡುಗೆಯವರಿಗಾಗಿಯೇ ಒಂದು ಕ್ಯಾಂಪ್ ಇಟ್ಟಿದ್ದೆವು. ಕಾರಣವಿತ್ತು. ಮದುವೆ ಅಡುಗೆಯವರು ಬೆಂಕಿಯ ಎದುರು ಗಂಟೆಗಟ್ಟಲೆ ನಿಲ್ಲುವವರು. ಬಾಯಿಗೆ ಎಲೆಅಡಿಕೆ, ಹೊಗೆಸೊಪ್ಪು ಹಾಕಿಕೊಂಡರೆ ಪಾತ್ರೆಯ ಹತ್ತಿರ ಉಗುಳುವ ಹಾಗಿಲ್ಲ. ಹೊರಗೆ ಹೋಗಲು ಪುರುಸೊತ್ತಿಲ್ಲ. ಅದನ್ನು ಒಂದು ಕೆನ್ನೆಯೊಳಗೆ ಒತ್ತಿಟ್ಟುಕೊಂಡೇ ಅರ್ಧ ದಿನ ಕಳೆಯುತ್ತಾರೆ. ಬೇರೆಯವರ ಬಾಯಲ್ಲಿ ಸ್ವಲ್ಪ ಹೊತ್ತು ಇರುವ ವಿಷ ಇವರ ಕೆನ್ನೆಯಲ್ಲಿ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಬೇಯುತ್ತದೆ.

ಅಬ್ದುಲ್ ರಹಿಮಾನ್ ಎಂಬ ಹೆಸರು ಊರವರ ಬಾಯಲ್ಲಿ ಅದ್ರಾಮ ಆಗಿ, ಮರ್ಯಾದೆಗೆ ಅದ್ರಾಮಾಕ ಆಗಿತ್ತು. ನಮ್ಮ ಬ್ಯಾರಿ ಮದುವೆಗಳಲ್ಲಿ ಅವರ ತುಪ್ಪದ ಅನ್ನವೆಂದರೆ ಹೆಸರುವಾಸಿ. ಗಲ್ಫಿನಿಂದ ರಜೆಯಲ್ಲಿ ಬರುವ ಮದುಮಗ ಮೊದಲು ಅದ್ರಾಮಾಕ ಯಾವ ದಿನ ಖಾಲಿ ಇದ್ದಾರೆಂದು ಕೇಳಿ, ಆಮೇಲೆ ವಿಮಾನದ ಟಿಕೆಟ್ ತೆಗೆಯುತ್ತಾನೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅವರು ಅಳತೆ ಪಾತ್ರೆ ಹಿಡಿದವರಲ್ಲ. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನಾಲಿಗೆಗೆ ತಾಗಿಸುತ್ತಿದ್ದರು. ಉಪ್ಪು, ಖಾರ, ಹುಳಿ ಎಲ್ಲದರ ತೀರ್ಮಾನ ಅಲ್ಲೇ ಆಗುತ್ತಿತ್ತು.

ಅವರ ಎಡ ಕೆನ್ನೆಯ ಒಳಗೆ ಒರಟಾದ ಬಿಳಿ ಮಚ್ಚೆ, ನಡುನಡುವೆ ಕೆಂಪು. ಕೆಂಪು ಸೇರಿದ ಬಿಳಿ ಮಚ್ಚೆ ಒಳ್ಳೆಯದಲ್ಲ. ಖಾರ ಉರಿಯುತ್ತದಾ ಎಂದು ಕೇಳಿದೆ. "ಸ್ವಲ್ಪ" ಎಂದರು. ಹೇಳುವಾಗ ಮುಖ ಬೇರೆ ಕಡೆ ತಿರುಗಿತ್ತು. ಅಂದಿನ ಸರದಿಯಲ್ಲಿ ಅವರಿಗೆ ಬಿದ್ದದ್ದು ಕಡ್ಡಿ ಮೊದಲು, ಆಮೇಲೆ ನೀರು, ಕೊನೆಗೆ ಬ್ರಷ್. ಮೂರನ್ನೂ ನಾನೇ ತೆಗೆದೆ. ಕಡ್ಡಿ ಯಾಕೋ ಹಿಡಿತ ಸಿಕ್ಕದೆ ಜಾರುತ್ತಿತ್ತು. ಬಾಯಿಯಲ್ಲಿ ಜೊಲ್ಲು ಹೆಚ್ಚಿರಬೇಕು ಎಂದುಕೊಂಡೆ. ಬ್ರಷ್ ತಿರುಗಿಸುವಾಗ ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಹೆಸರುಗಳನ್ನು ಹೊಂದಿಸಿ ನೋಡಿದಾಗ ಅವರ ಫಲಿತಾಂಶ ಹೀಗಿತ್ತು. ಕಡ್ಡಿಯ ಸ್ಲೈಡಿನಲ್ಲಿ ಬೇಕಾದಷ್ಟು ಕೋಶಗಳಿದ್ದವು, ಎಲ್ಲವೂ ಸರಿ. ಮುಕ್ಕಳಿಸಿದ ನೀರಿನಲ್ಲಿ ಇನ್ನೂ ಹೆಚ್ಚು ಕೋಶಗಳು, ಅವೂ ಸರಿ. ಬ್ರಷ್ಷಿನ ಸ್ಲೈಡಿನ ಒಂದು ಅಂಚಿನಲ್ಲಿ ಮಾತ್ರ ಒಂದು ಸಣ್ಣ ಗುಂಪು: ಕೋಶಕ್ಕೆ ತಕ್ಕದ್ದಲ್ಲದ ದೊಡ್ಡ ನ್ಯೂಕ್ಲಿಯಸ್, ಕಪ್ಪಾಗಿ, ಆಕಾರ ಕೆಟ್ಟು. ನಾನು ಗುರುತು ಹಾಕಿ ಇಟ್ಟೆ. ಶ್ಯಾಮಲಾ ಡಾಕ್ಟರ್ ಬಹಳ ಹೊತ್ತು ನೋಡಿದರು. "ಬಯಾಪ್ಸಿ ಬೇಕು. ಕರೆಸಿ" ಎಂದರು.

ಫೋನ್ ಮಾಡಿದ್ದು ನಾನೇ. ನಾವಿಬ್ಬರೂ ಬ್ಯಾರಿ ಭಾಷೆಯಲ್ಲೇ ಮಾತಾಡುವವರು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಮೂರರಲ್ಲಿ ಒಂದರಲ್ಲಿ ಅನುಮಾನ ಉಂಟು ಎಂದು ನಿಧಾನವಾಗಿ ಹೇಳಿದೆ.

"ಉಳಿದ ಎರಡು?" ಎಂದು ಕೇಳಿದರು.

"ಅದರಲ್ಲಿ ಎಂತದೂ ಕಾಣಲಿಲ್ಲ."

ಅವರು ನಕ್ಕರು. "ಹಾಗಾದ್ರೆ ಎರಡು ವೋಟು ನನಗೆ, ಒಂದು ವೋಟು ನನ್ನ ವಿರುದ್ಧ. ಪಂಚಾಯತ್ ಎಲೆಕ್ಷನ್‌ನಲ್ಲಿ ಇದಕ್ಕೆ ಎಂತ ಹೇಳ್ತಾರೆ ತಂಗಿ? ನಾನು ಗೆದ್ದೆ ಅಲ್ಲ?"

ಎರಡು ಸರಿ, ಒಂದು ತಪ್ಪು ಎಂದರೆ ಸಾಮಾನ್ಯ ಮನುಷ್ಯನಿಗೆ ಹಾಗೇ ಅನ್ನಿಸುವುದು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು, ಹಾಗೇ ಆಗಲಿ ಎಂಬ ಆಸೆಯೂ ಇತ್ತು. ಅವರು ಮಾತು ಮುಂದುವರಿಸಿದರು. ರಂಜಾನ್ ಶುರುವಾಗುವ ಮೊದಲು ಮದುವೆಗಳ ಸಾಲು ಉಂಟು, ಮಾತು ಕೊಟ್ಟಾಗಿದೆ, ರಂಜಾನ್ ಕಳೆದು ಹಬ್ಬ ಮುಗಿಸಿ ಬರ್ತೇನೆ ಎಂದರು. ಬಾಯಿಯ ಚೂರು ತೆಗೆದಿದ್ದಾರೆಂದು ಊರಿನಲ್ಲಿ ಸುದ್ದಿಯಾದರೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂದರು. ಬಾಯಿಯ ಕಾಯಿಲೆಯವನು ರುಚಿ ನೋಡಿದ ಪಾತ್ರೆಯ ಅನ್ನವನ್ನು ಯಾರು ತಿನ್ನುತ್ತಾರೆ ಎಂದು ಅವರೇ ಕೇಳಿದರು. ಇದು ಅಂಟುವ ಕಾಯಿಲೆಯಲ್ಲ ಎಂದೆ. "ನನಗೆ ಗೊತ್ತುಂಟು, ನಿಮಗೆ ಗೊತ್ತುಂಟು. ಮದುಮಗಳ ಮಾವನಿಗೆ ಗೊತ್ತಿರಬೇಕಲ್ಲ" ಎಂದು ಫೋನಿಟ್ಟರು.

ಹಬ್ಬ ಮುಗಿಯುವವರೆಗೆ ಎಂದರೆ ಬಹಳ ದಿನ. ಆ ಗುಂಪು ಕೋಶಗಳು ಹಬ್ಬಕ್ಕೆ ಕಾಯುತ್ತವಾ? ಒಂದು ವೇಳೆ ಬ್ರಷ್ ಹೇಳಿದ್ದು ತಪ್ಪಾಗಿ, ಬರೀ ಉರಿಯೂತದ ಕೋಶಗಳೇ ಹಾಗೆ ಕಂಡಿದ್ದರೆ? ಮದುವೆಯ ಸೀಸನ್ನಿನಲ್ಲಿ ಒಬ್ಬ ಮನುಷ್ಯನ ಹೆಸರು ಸುಮ್ಮನೆ ಕೆಡಿಸಿದ ಪಾಪ ನನ್ನ ತಲೆಗೆ. ಸರಿಯಾಗಿದ್ದು ಅವರು ಬಾರದೆ ಹೋದರೆ? ಯೋಚಿಸುತ್ತ ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಹೋಗಿ ವಾಪಸು ನಡೆದು ಬಂದೆ. ಮನೆಯಲ್ಲಿ ಅನ್ನಕ್ಕೆ ಕೈ ಹಾಕಿದರೆ ಅವರ ಕೆನ್ನೆ ಕಣ್ಣೆದುರು ಬರುತ್ತಿತ್ತು. ಬೆಳಗ್ಗೆ ಲ್ಯಾಬಿನ ಬಾಗಿಲು ತೆರೆದ ಕೂಡಲೇ ಆ ಮೂರು ಸ್ಲೈಡುಗಳನ್ನೇ ತೆಗೆದು ನೋಡುತ್ತಿದ್ದೆ, ನಿನ್ನೆ ಕಂಡದ್ದು ಇವತ್ತು ಇಲ್ಲದೆ ಹೋದೀತೇನೋ ಎನ್ನುವ ಹಾಗೆ.

ಶ್ಯಾಮಲಾ ಡಾಕ್ಟರ್ ನನ್ನ ಈ ಪಾಡನ್ನು ಒಮ್ಮೆ ನೋಡಿದರು, ಎರಡು ಸಲ ನೋಡಿದರು. "ಸ್ಲೈಡ್ ನೋಡಿದ್ರೆ ಅದು ಬದಲಾಗ್ತದಾ? ಹೋಗಿ ಮನುಷ್ಯನನ್ನು ನೋಡಿ ಬನ್ನಿ" ಎಂದು ಗದರಿಸಿದರು. ಜೀಪು ಕೊಟ್ಟು ಕಳುಹಿಸಿದ್ದೂ ಅವರೇ.

ಬಂಟ್ವಾಳದಲ್ಲಿ ಅದ್ರಾಮಾಕನ ಮನೆಗೆ ಹೋದೆ. ಅವರು ಇರಲಿಲ್ಲ, ಪೇಟೆಯ ಹತ್ತಿರದ ಮದುವೆ ಹಾಲ್‌ನಲ್ಲಿ ಅಡುಗೆ ಇತ್ತು. ಹೆಂಡತಿ ಮರಿಯಮ್ಮ ಬಾಗಿಲು ತೆರೆದರು. ಸಣ್ಣ ದೇಹ, ಮೆಲು ದನಿ. ನಾನು ಯಾರೆಂದು ತಿಳಿದ ಮೇಲೆ ಚಹಾ ತಂದಿಟ್ಟು ಎದುರಿಗೇ ಕುಳಿತರು. ಗಂಡ ಎಲ್ಲವನ್ನೂ ಅವರಿಗೆ ಹೇಳಿರಲಿಲ್ಲ.

"ಬಾಯಿ ಹೇಗುಂಟು ಅವರದ್ದು? ಊಟ ಮಾಡ್ತಾರಾ?" ಎಂದು ಕೇಳಿದೆ.

"ಖಾರ ಹಾಕ್ಲಿಕ್ಕೆ ಆಗುವುದಿಲ್ಲ ಮಗಳೇ. ನನಗೆ ಗೊತ್ತಾಗಬಾರದೂಂತ ಸುಮ್ಮನೆ ಊಟ ಮಾಡ್ತಾರೆ, ಕಣ್ಣಲ್ಲಿ ನೀರು ಬರ್ತದೆ. ಯಾವಾಗಲೂ ತುಪ್ಪ ಹಚ್ಚಿಕೊಂಡೇ ಇರ್ತಾರೆ."

"ತುಪ್ಪವಾ? ಎಲ್ಲಿಗೆ?"

"ಅದೇ, ಕೆನ್ನೆಯ ಒಳಗೆ. ಬೆರಳಲ್ಲಿ ದಪ್ಪಕ್ಕೆ ತಗೊಂಡು ಆ ಜಾಗಕ್ಕೇ ಮೆತ್ತುವುದು. ಹಾಗೆ ಮಾಡಿದ್ರೆ ಉರಿ ಗೊತ್ತಾಗುವುದಿಲ್ಲಂತೆ. ನಿಮ್ಮ ಕ್ಯಾಂಪಿಗೆ ಬರುವ ದಿನವೂ ಬಾಗಿಲಲ್ಲಿ ನಿಂತು ಮೆತ್ತಿಕೊಂಡೇ ಹೋದದ್ದು. ಕೆರೆಯುವಾಗ ಅಳು ಬಂದ್ರೆ ನಾಚಿಕೆ ಅಂತ."

ನಾನು ಅಂಗಳಕ್ಕೆ ಬಂದು ಶ್ಯಾಮಲಾ ಡಾಕ್ಟರಿಗೆ ಫೋನ್ ಮಾಡಿದೆ. ಹೇಳಿ ಮುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. "ಮಚ್ಚೆಯ ಮೇಲೆ ತುಪ್ಪದ ಪದರ. ಕಡ್ಡಿ ಅದರ ಮೇಲೆ ಜಾರಿ ಸುತ್ತಲಿನ ಒಳ್ಳೆ ಚರ್ಮದ್ದನ್ನು ತಂದಿದೆ. ನೀರು ಉಳಿದ ಬಾಯಿಯನ್ನೆಲ್ಲ ತೊಳೆದು ಅದರ ಕೋಶ ತಂದಿದೆ. ತುಪ್ಪ ದಾಟಿ ಮಚ್ಚೆಗೆ ಮುಟ್ಟಿದ್ದು ಬ್ರಷ್ ಮಾತ್ರ" ಎಂದರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮೊದಲು ಕೇಳಿರಲಿಲ್ಲ. "ಅದು ಎರಡು ವೋಟಲ್ಲ ಜುಬೈದಾ. ಎರಡು ಗೈರುಹಾಜರಿ. ಹೋಗಿ ಹೇಳಿ ಅವರಿಗೆ."

ಅಲ್ಲಿಯವರೆಗೆ ನನ್ನ ಹೆದರಿಕೆಗೆ ಎರಡು ಬದಿ ಇತ್ತು, ಈಗ ಒಂದೇ ಉಳಿಯಿತು. ಹೋಲಿಕೆಯ ಕೆಲಸದಲ್ಲಿ ನಾವು ಲೆಕ್ಕ ಹಾಕುತ್ತಿದ್ದದ್ದು ಎಷ್ಟು ಕೋಶ ಬಂದವು ಎಂದು. ಎಲ್ಲಿಯ ಕೋಶ ಬಂದವು ಎಂಬುದು ಬೇರೆಯೇ ಪ್ರಶ್ನೆ ಎಂದು ಆ ಅಂಗಳದಲ್ಲಿ ನಿಂತು ನನಗೆ ತಿಳಿಯಿತು. ಅಂದಿನಿಂದ ನಮ್ಮ ಕ್ಯಾಂಪುಗಳಲ್ಲಿ ಬಾಯಿಗೆ ಏನು ಹಚ್ಚಿದ್ದೀರಿ ಎಂದು ಕೇಳಿ, ಹತ್ತಿಯಿಂದ ಒರೆಸಿಯೇ ಮುಂದಿನ ಕೆಲಸ. ಬೆಳ್ತಂಗಡಿಯ ಕಡೆ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು: ಜೇನು, ತೆಂಗಿನೆಣ್ಣೆ, ಅರಸಿನ, ಭತ್ತದ ಉಮಿ ಸುಟ್ಟ ಕರಿ. ಡಾಕ್ಟರಿಗೆ ಬಾಯಿ ಚೊಕ್ಕ ಕಾಣಲಿ ಎಂದು ಆ ಕರಿಯಿಂದ ಮಚ್ಚೆಯನ್ನೇ ತಿಕ್ಕಿ ತಿಕ್ಕಿ ಬಂದವರೂ ಇದ್ದರು. ಹೊಸಬರೇ, ಮೊದಲು ಕೇಳಿ. ಉಪಕರಣ ಯಾವುದಾದರೂ ಇರಲಿ, ಮೊದಲು ಕೇಳಿ.

ಮದುವೆ ಹಾಲ್‌ನ ಹಿಂದಿನ ಅಡುಗೆ ಕೊಟ್ಟಿಗೆಗೆ ಹೋದೆ. ಅಲ್ಲಿ ಎಲ್ಲರೂ ಗಂಡಸರು. ತಲೆಯ ಮೇಲಿನ ಶಾಲು ಎಳೆದುಕೊಂಡು ಬಾಗಿಲಲ್ಲೇ ನಿಂತೆ. ದೊಡ್ಡ ದೊಡ್ಡ ತಾಮ್ರದ ಪಾತ್ರೆಗಳ ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡಿದ್ದರು. ಹೊಗೆಯಲ್ಲಿ ಕಣ್ಣು ಉರಿಯಿತು. ಅದ್ರಾಮಾಕ ಸಾರಿನ ಪಾತ್ರೆಯ ಎದುರು ನಿಂತಿದ್ದರು. ಸೌಟಿನಿಂದ ಹನಿ ಬಿಟ್ಟದ್ದು ಅವರ ಅಂಗೈಗಲ್ಲ, ಪಕ್ಕದಲ್ಲಿದ್ದ ಭಾವಮೈದುನ ಹನೀಫನ ಅಂಗೈಗೆ. ಹನೀಫ ನೆಕ್ಕಿ, "ಸ್ವಲ್ಪ ಹುಳಿ ಬೇಕು ಭಾವ" ಎಂದ. ಅದ್ರಾಮಾಕ ಅನುಮಾನದಿಂದ ಅವನ ಮುಖ ನೋಡಿದರು, ಹುಳಿ ಹಾಕಿದರು. ನನ್ನನ್ನು ಕಂಡದ್ದು ಆಮೇಲೆ. ಮುಖ ಕಪ್ಪಿಟ್ಟಿತು.

ಬಾವಿಕಟ್ಟೆಯ ಹತ್ತಿರ ಬಂದು ನಿಂತರು. ನಾನು ತುಪ್ಪದ ವಿಷಯ ಹೇಳಿದೆ. ಡಾಕ್ಟರ ಮಾತನ್ನೂ ಹಾಗೆಯೇ ಹೇಳಿದೆ.

"ಹಾಗಾದ್ರೆ ವೋಟಿಗೆ ಬಂದದ್ದು ಒಬ್ಬನೇ" ಎಂದರು.

"ಹೌದು ಅದ್ರಾಮಾಕ. ಅವನೊಬ್ಬನೇ ನೋಡಿದ್ದು."

ಅವರು ಬಾವಿಯ ಹಗ್ಗವನ್ನು ಕೈಯಲ್ಲಿ ಸುತ್ತುತ್ತ ನಿಂತರು. "ಜೀವ ಹೋಗುವ ಹೆದರಿಕೆ ನನಗೆ ಅಷ್ಟಿಲ್ಲ ತಂಗಿ. ಅದು ಅಲ್ಲಾಹನ ಕೈಯಲ್ಲಿ ಉಂಟು. ಬಾಯಿ ಕತ್ತರಿಸಿದ ಮೇಲೆ ರುಚಿ ಹೋದ್ರೆ? ಈಗ ಖಾರ, ಹುಳಿ ಹನೀಫನ ನಾಲಿಗೆಯಲ್ಲಿ ನೋಡ್ತೇನೆ. ಉಪ್ಪು ಮಾತ್ರ ಇನ್ನೂ ನಾನೇ ನೋಡುವುದು. ಅದೂ ಹೋದ್ರೆ ನಾನು ಎಂತದಕ್ಕೆ? ಒಲೆಗೆ ಸೌದೆ ಒಟ್ಟಲಿಕ್ಕಾ?"

ರುಚಿ ಹೋಗುವುದಿಲ್ಲ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವರು ಆಗಲೇ ಹೊರಡುತ್ತಿದ್ದರು. ಆದರೆ ನನಗೆ ಗೊತ್ತಿರಲಿಲ್ಲ. ಮಚ್ಚೆ ಎಷ್ಟು ಆಳ, ಎಲ್ಲಿಯವರೆಗೆ ಹೋಗಿದೆ, ಯಾರಿಗೂ ಗೊತ್ತಿರಲಿಲ್ಲ. "ಕೆನ್ನೆ ಬೇರೆ, ನಾಲಿಗೆ ಬೇರೆ. ಈಗಲೇ ಬಂದ್ರೆ ನಾಲಿಗೆಗೆ ತಾಗದೆ ಮುಗಿಯಬಹುದು ಅಂತ ಡಾಕ್ಟರ್ ಹೇಳ್ತಾರೆ. ಖಂಡಿತ ಅಂತ ಹೇಳ್ಲಿಕ್ಕೆ ನನಗೆ ಆಗುವುದಿಲ್ಲ. ತಡ ಮಾಡಿದ್ರೆ ಅದೂ ಕೈತಪ್ಪಬಹುದು" ಎಂದೆ. ಹೇಳುವಾಗ ನನ್ನ ದನಿ ನಡುಗಿತು. ಅವರು ನನ್ನನ್ನೇ ನೋಡಿದರು.

"ನೀವೇ ಇಷ್ಟು ಹೆದರಿದ್ದೀರಲ್ಲ ಮಾರಾಯ್ತಿ" ಎಂದರು. ಆಮೇಲೆ ಒಳಗೆ ನೋಡಿ ಕೂಗಿ ಹೇಳಿದರು: "ಹನೀಫ, ಕೆಂಡ ತೆಗೆಯುವ ಹೊತ್ತಾಯ್ತು. ಇದನ್ನು ಇಳಿಸಿ ನಾನು ಇವರ ಜೊತೆ ಹೋಗುವುದು."

ಆ ದಿನವೇ ಚೂರು ತೆಗೆದರು. ಬ್ರಷ್ ಹೇಳಿದ್ದು ನಿಜವೆಂದು ಬಯಾಪ್ಸಿ ಹೇಳಿತು. ಕ್ಯಾನ್ಸರ್ ಶುರುವಾಗಿತ್ತು, ಆದರೆ ಸಣ್ಣದಿತ್ತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆನ್ನೆಯ ಒಳಭಾಗ ತೆಗೆದು, ಬೇರೆ ಕಡೆಯ ಚರ್ಮ ತಂದು ಹೊಲಿದರು. ನಾಲಿಗೆಯ ಪಕ್ಕದವರೆಗೂ ಕತ್ತರಿ ಹೋಗಬೇಕಾಯಿತೆಂದು ಸರ್ಜನ್ ಹೇಳಿದಾಗ ನಾನು ಮರಿಯಮ್ಮನ ಕಡೆ ನೋಡಲಿಲ್ಲ. ಊದಿಕೊಂಡ ಮುಖ, ಮೂಗಿನಲ್ಲಿ ನಳಿಕೆ, ನಳಿಕೆಯಲ್ಲಿ ಹಾಲು. ದಿನಗಳು ಹಾಗೇ ಹೋದವು. ರುಚಿಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಉತ್ತರ ಬಂದುಬಿಡುತ್ತದಲ್ಲ. ರಜೆ ಹಾಕಿ ನೋಡಲು ಹೋದಾಗಲೆಲ್ಲ ನಾನು ಮಳೆ, ಬಸ್ಸು, ರಸ್ತೆ ಅಗೆದದ್ದು ಇವುಗಳ ಬಗ್ಗೆ ಮಾತಾಡಿ ಬರುತ್ತಿದ್ದೆ. ಮದುವೆಗೆ ಮಾತು ಕೊಟ್ಟವರು ಬೇರೆ ಅಡುಗೆಯವರನ್ನು ಹಿಡಿದಾಗಿತ್ತು. ಅದನ್ನೂ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಳಿಕೆ ತೆಗೆದ ದಿನ ನಾನು ಅಲ್ಲಿದ್ದೆ. ತೆಳ್ಳಗಿನ ಗಂಜಿ ಬಾಯಿಯಿಂದ ಕೊಟ್ಟು ನೋಡಿ ಎಂದು ನರ್ಸ್ ಹೇಳಿ ಹೋದಳು. ಮರಿಯಮ್ಮ ಹತ್ತಿರದ ಸಂಬಂಧಿಕರ ಮನೆಯಲ್ಲಿ ಮಾಡಿ ತಂದಿದ್ದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿದರು. ಚಮಚ ತುಂಬಿ ಗಂಡನ ಬಾಯಿಯ ಹತ್ತಿರ ಹಿಡಿದರು. ಅದ್ರಾಮಾಕ ಬೆರಳು ಹೋಗುವಷ್ಟು ಬಾಯಿ ತೆರೆದರು. ಗಂಜಿ ಒಳಗೆ ಹೋಯಿತು. ಕಣ್ಣು ಮುಚ್ಚಿ ಬಹಳ ಹೊತ್ತು ಬಾಯಿಯಲ್ಲೇ ಇಟ್ಟುಕೊಂಡರು. ಗಂಟಲು ಆಡಿತು. ಹನೀಫ ಕಿಟಕಿಯ ಕಡೆ ತಿರುಗಿ ನಿಂತಿದ್ದ. ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ.

ಅವರ ಹುಬ್ಬು ಗಂಟಿಕ್ಕಿತು.

"ಉಪ್ಪಿಲ್ಲ" ಎಂದರು. ಮಾತು ತೊದಲುತ್ತಿತ್ತು, ಆದರೆ ಸಿಟ್ಟು ಸ್ಪಷ್ಟವಿತ್ತು. "ಒಂದು ಹರಳೂ ಇಲ್ಲ. ಯಾರು ಮಾಡಿದ್ದು ಇದು?"

ಮರಿಯಮ್ಮ ಬಟ್ಟಲನ್ನು ಮೇಜಿನ ಮೇಲಿಟ್ಟು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. "ನಾನೇ ಮಾಡಿದ್ದು" ಎಂದರು. "ಬೇಕೂಂತಲೇ ಹಾಕಲಿಲ್ಲ. ನಿಮ್ಮ ಹತ್ರ ಕೇಳ್ಲಿಕ್ಕೆ ನನಗೆ ಧೈರ್ಯ ಇರಲಿಲ್ಲ."

ಅದ್ರಾಮಾಕ ಹೆಂಡತಿಯನ್ನೇ ನೋಡಿದರು. ಊದಿದ ಮುಖದಲ್ಲಿ ನಗು ಮೂಡಲು ಜಾಗವಿರಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು.

"ಈಗ ಗೊತ್ತಾಯ್ತಲ್ಲ" ಎಂದರು. "ಹೋಗಿ ಉಪ್ಪು ತಾ."